ಗೃಹಸಾಲ ಬ್ಯಾಂಕುಗಳ ಪ್ಯಾನಲ್‌ನಲ್ಲಿ ಉಳಿಯುವುದು ಹೇಗೆ: ಕರ್ನಾಟಕದ ಆಸ್ತಿ ವಕೀಲರಿಗೆ ಸಮಗ್ರ ಮಾರ್ಗದರ್ಶಿ

ಬ್ಯಾಂಕು ಅಥವಾ ಗೃಹಸಾಲ ಸಂಸ್ಥೆಯ ಪ್ಯಾನಲ್‌ಗೆ, ಅಂದರೆ ಅಡಮಾನಕ್ಕೆ ಬರುವ ಆಸ್ತಿಯ ಹಕ್ಕನ್ನು ಪರಿಶೀಲಿಸಿ ವರದಿ ಕೊಡುವ ವಕೀಲರ ಪಟ್ಟಿಗೆ, ಸೇರಲು ಬೇಕಾದದ್ದು ಒಂದು ಅರ್ಜಿ, ವಕೀಲರ ಪರಿಷತ್ತಿನ ನೋಂದಣಿ, ಕೆಲವು ವರ್ಷಗಳ ಅನುಭವ ಮತ್ತು ಆ ಹೊತ್ತಿಗೆ ಬ್ಯಾಂಕಿಗಿರುವ ಅಗತ್ಯ. ಅಲ್ಲಿ ಉಳಿಯಲು ಬೇಕಾದದ್ದು ಬೇರೆಯೇ. ಗೃಹಸಾಲದ ಅವಧಿ ಇಪ್ಪತ್ತು, ಇಪ್ಪತ್ತೈದು ವರ್ಷಗಳಷ್ಟು ಉದ್ದವಿರುತ್ತದೆ. ಇಂದು ನೀವು ಸಹಿ ಹಾಕಿದ ವರದಿಯನ್ನು ಸಾಲ ವಸೂಲಾಗದ ದಿನ ಯಾರೋ ತೆರೆದು ಓದುತ್ತಾರೆ, ಮತ್ತು ಹಾಗೆ ಓದುವವರು ನಿಮಗೆ ಕೆಲಸ ಕೊಟ್ಟ ಮ್ಯಾನೇಜರ್ ಆಗಿರುವುದಿಲ್ಲ. ವಸೂಲಾತಿ ವಿಭಾಗದವರು, ಲೆಕ್ಕ ಪರಿಶೋಧಕರು, ಕೆಲವೊಮ್ಮೆ ತನಿಖಾಧಿಕಾರಿಗಳು ಅದನ್ನು ಓದುತ್ತಾರೆ. ಪ್ಯಾನಲ್ ವಕೀಲರ ಹೆಸರು ಉಳಿಯುವುದೂ ಅಳಿಯುವುದೂ ಈ ಎರಡನೆಯ ಓದಿನಲ್ಲಿ. ಆದ್ದರಿಂದ ಪ್ರತಿಯೊಂದು ಹಂತದಲ್ಲಿಯೂ ಆ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೆಲಸ ಮಾಡಬೇಕು.

ಹಂತ 1: ಪ್ಯಾನಲ್ ಪತ್ರವನ್ನು ಒಪ್ಪಂದದಂತೆ ಓದುವುದು

ಪ್ಯಾನಲ್‌ಗೆ ಸೇರಿಸಿಕೊಂಡ ಪತ್ರ ಬಂದಾಗ ಬಹಳ ಮಂದಿ ಅದನ್ನು ಅಭಿನಂದನಾ ಪತ್ರದಂತೆ ಫೈಲಿನಲ್ಲಿಟ್ಟು ಮರೆಯುತ್ತಾರೆ. ಅದರಲ್ಲಿರುವ ಷರತ್ತುಗಳೇ ಮುಂದೆ ನಿಮ್ಮನ್ನು ಅಳೆಯುವ ಮಾನದಂಡ. ಅವಧಿ ಎಷ್ಟು, ನವೀಕರಣಕ್ಕೆ ನೀವೇ ಅರ್ಜಿ ಹಾಕಬೇಕೇ, ಯಾವ ತಾಲ್ಲೂಕುಗಳ ಆಸ್ತಿಗಳನ್ನು ಪರಿಶೀಲಿಸಲು ಅನುಮತಿ ಇದೆ, ವರದಿ ಎಷ್ಟು ದಿನಗಳಲ್ಲಿ ಕೊಡಬೇಕು, ಎಷ್ಟು ವರ್ಷಗಳ ಹಕ್ಕನ್ನು ಹುಡುಕಬೇಕು, ಕೆಲಸವನ್ನು ಕಿರಿಯರಿಗೆ ವಹಿಸಬಹುದೇ, ನಷ್ಟವಾದಾಗ ಹೊಣೆ ಹೇಗೆ ನಿಗದಿಯಾಗುತ್ತದೆ ಎಂಬ ಅಂಶಗಳನ್ನು ಒಂದು ಹಾಳೆಯಲ್ಲಿ ಬರೆದು ಕಚೇರಿಯ ಎಲ್ಲರಿಗೂ ಕಾಣುವಂತೆ ಇಡುವುದು ಒಳ್ಳೆಯದು. ಬ್ಯಾಂಕಿನಿಂದ ಬ್ಯಾಂಕಿಗೆ ಈ ನಿಯಮಗಳು ಬದಲಾಗುತ್ತವೆ. ಒಂದು ಬ್ಯಾಂಕಿನ ನಮೂನೆಯಲ್ಲಿ ಇನ್ನೊಂದು ಬ್ಯಾಂಕಿಗೆ ವರದಿ ಕೊಡುವುದು ಚಿಕ್ಕ ತಪ್ಪಿನಂತೆ ಕಂಡರೂ ವಾರ್ಷಿಕ ಪರಿಶೀಲನೆಯಲ್ಲಿ ಅದು ಲೆಕ್ಕಕ್ಕೆ ಬರುತ್ತದೆ. ಪ್ಯಾನಲ್‌ನಲ್ಲಿರುವುದರಿಂದ ಇಂತಿಷ್ಟು ಕೆಲಸ ಬರಲೇಬೇಕೆಂಬ ಹಕ್ಕು ಹುಟ್ಟುವುದಿಲ್ಲ ಎಂದೂ ಅಂಥ ಪತ್ರಗಳಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ.

ಹೊಣೆಯ ಷರತ್ತನ್ನು ಮಾತ್ರ ಎರಡು ಸಲ ಓದಿ. ವಂಚನೆ ತಡೆಗೆ ಸಂಬಂಧಿಸಿ ಭಾರತೀಯ ರಿಸರ್ವ್ ಬ್ಯಾಂಕ್ 2024ರ ಜುಲೈನಲ್ಲಿ ಹೊರಡಿಸಿದ ನಿರ್ದೇಶನಗಳು, ಸಾಲ ಮಂಜೂರಾತಿಗೆ ನೆರವಾಗುವ ಹೊರಗಿನ ವೃತ್ತಿಪರರ ಉದ್ದೇಶಪೂರ್ವಕ ನಿರ್ಲಕ್ಷ್ಯ ಅಥವಾ ದುರಾಚಾರ ವಂಚನೆಗೆ ಕಾರಣವಾದರೆ ಅವರನ್ನು ಹೊಣೆ ಮಾಡುವ ಷರತ್ತುಗಳು ಒಪ್ಪಂದದಲ್ಲಿರಬೇಕೆಂದು ಬಯಸುತ್ತವೆ. ಅದಕ್ಕಿಂತ ಬಹಳ ಹಿಂದಿನಿಂದಲೇ, ಅಂಥ ವಕೀಲರು, ಮೌಲ್ಯಮಾಪಕರು, ಲೆಕ್ಕಪತ್ರ ಪರಿಶೋಧಕರ ವಿವರಗಳನ್ನು ಬ್ಯಾಂಕುಗಳು ಭಾರತೀಯ ಬ್ಯಾಂಕುಗಳ ಸಂಘಕ್ಕೆ ತಿಳಿಸುವ ಮತ್ತು ಸಂಘವು ಎಚ್ಚರಿಕೆ ಪಟ್ಟಿಯನ್ನು ಎಲ್ಲ ಬ್ಯಾಂಕುಗಳಿಗೆ ಕಳುಹಿಸುವ ಪದ್ಧತಿ ಇದೆ. ಹೀಗಾಗಿ ಒಂದು ಬ್ಯಾಂಕಿನಲ್ಲಿ ಆದ ಅನಾಹುತ ಆ ಒಂದೇ ಬ್ಯಾಂಕಿನ ಬಾಗಿಲಿಗೆ ಸೀಮಿತವಾಗಿ ಉಳಿಯುವುದಿಲ್ಲ.

ಹಂತ 2: ನಿಮ್ಮ ಕಕ್ಷಿದಾರರು ಯಾರೆಂದು ನಿರ್ಧರಿಸಿಕೊಳ್ಳುವುದು

ಶುಲ್ಕವನ್ನು ಎಷ್ಟೋ ಸಲ ಸಾಲಗಾರರಿಂದಲೇ ವಸೂಲು ಮಾಡಲಾಗುತ್ತದೆ, ದಾಖಲೆಗಳನ್ನು ತರುವವರು ಮಾರಾಟಗಾರರ ಕಡೆಯ ದಲ್ಲಾಳಿಗಳಾಗಿರುತ್ತಾರೆ, ವರದಿ ಬೇಗ ಬರಲೆಂದು ದಿನಕ್ಕೆ ಮೂರು ಸಲ ಫೋನ್ ಮಾಡುವವರು ಬ್ಯಾಂಕಿನ ನೇರ ಮಾರಾಟ ಏಜೆಂಟರಾಗಿರುತ್ತಾರೆ. ಇವರೆಲ್ಲರ ನಡುವೆ ವರದಿಯ ಮೇಲೆ ನಂಬಿಕೆ ಇಟ್ಟು ಹಣ ಹೊರಹಾಕುವುದು ಬ್ಯಾಂಕು ಮಾತ್ರ, ಮತ್ತು ವಕೀಲರ ಕರ್ತವ್ಯ ಇರುವುದು ಬ್ಯಾಂಕಿಗೆ. ಅದೇ ವ್ಯವಹಾರದಲ್ಲಿ ಮಾರಾಟಗಾರರ ಕ್ರಯಪತ್ರವನ್ನು ಬರೆದುಕೊಡುವುದು, ಕೊಳ್ಳುವವರಿಗೆ ಪ್ರತ್ಯೇಕ ಅಭಿಪ್ರಾಯ ಕೊಡುವುದು, ಬಿಲ್ಡರ್‌ಗೆ ಸಲಹೆಗಾರರಾಗಿರುತ್ತ ಅವರದೇ ಯೋಜನೆಯ ಫ್ಲಾಟ್‌ಗಳಿಗೆ ಬ್ಯಾಂಕಿನ ಪರವಾಗಿ ವರದಿ ಕೊಡುವುದು ಇವೆಲ್ಲ ಹಿತಾಸಕ್ತಿಗಳ ಘರ್ಷಣೆ. ಒಬ್ಬ ಪಕ್ಷಗಾರರಿಗೆ ಸಲಹೆ ಕೊಟ್ಟ ಅಥವಾ ವಾದಪತ್ರ ಬರೆದುಕೊಟ್ಟ ವಕೀಲರು ಅದೇ ವಿಷಯದಲ್ಲಿ ಎದುರು ಪಕ್ಷದ ಪರ ನಿಲ್ಲಬಾರದೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೂ ಹೇಳುತ್ತವೆ. ಅಂಥ ಸಂಬಂಧ ಇದ್ದರೆ ಮೊದಲ ದಿನವೇ ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ ಕಡತವನ್ನು ಹಿಂದಿರುಗಿಸಬೇಕು. ಹೀಗೆ ಹಿಂದಿರುಗಿಸಿದ ಕಡತದಿಂದ ಒಂದು ಶುಲ್ಕ ಹೋಗಬಹುದು, ನಂಬಿಕೆ ಮಾತ್ರ ಹೆಚ್ಚುತ್ತದೆ.

ಶುಲ್ಕದ ಬಗ್ಗೆ ನನ್ನದು ಒಂದು ದೃಢವಾದ ಅಭಿಪ್ರಾಯ: ಸಾಲ ಬಿಡುಗಡೆಯಾದರೆ ಮಾತ್ರ ಶುಲ್ಕ ಎಂಬ ಏರ್ಪಾಟನ್ನು ಒಪ್ಪಬಾರದು. 'ಈ ಆಸ್ತಿ ಬೇಡ' ಎಂಬ ವರದಿಗೂ ಅಷ್ಟೇ ಶ್ರಮ ಬೇಕು, ಎಷ್ಟೋ ಸಲ ಹೆಚ್ಚೇ ಬೇಕು. ಒಳ್ಳೆಯ ವರದಿಗೆ ಮಾತ್ರ ಹಣ ಸಿಗುತ್ತದೆಂದಾದರೆ ಎಂಥ ಪ್ರಾಮಾಣಿಕರ ಕಣ್ಣೂ ಕಾಲಕ್ರಮೇಣ ಮಂಜಾಗುತ್ತದೆ. ಏಜೆಂಟರು, ಬಿಲ್ಡರ್‌ಗಳು ಅಥವಾ ಸಾಲಗಾರರಿಂದ ಬ್ಯಾಂಕು ನಿಗದಿಪಡಿಸಿದ ಶುಲ್ಕದ ಹೊರತಾಗಿ ಏನನ್ನೂ ಪಡೆಯಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹಂತ 3: ವರದಿ ಸಿದ್ಧಪಡಿಸುವುದು

ಇಡೀ ವಿಷಯದ ತಿರುಳು ಇದೇ. ಬ್ಯಾಂಕಿನವರು ಎಲ್‌ಎಸ್‌ಆರ್ (ಕಾನೂನು ಪರಿಶೀಲನಾ ವರದಿ) ಎಂದೋ ಟಿಎಸ್‌ಆರ್ (ಹಕ್ಕು ಹುಡುಕಾಟ ವರದಿ) ಎಂದೋ ಕರೆಯುವ ಈ ವರದಿಯಲ್ಲಿ ಮೊದಲು ನೋಡಬೇಕಾದದ್ದು ಹಕ್ಕು ಯಾರಿಂದ ಯಾರಿಗೆ, ಯಾವ ಪತ್ರದ ಮೂಲಕ ಹರಿದು ಬಂತೆಂಬ ಸರಪಳಿ. ಸಾಮಾನ್ಯವಾಗಿ 13 ವರ್ಷ ಅಥವಾ 30 ವರ್ಷ ಹಿಂದಕ್ಕೆ ಹೋಗಲು ಬ್ಯಾಂಕುಗಳು ಹೇಳುತ್ತವೆ. 13ರ ಹಿಂದೆ ಖಾಸಗಿ ಆಸ್ತಿಗೆ ಸಂಬಂಧಿಸಿದ 12 ವರ್ಷಗಳ ಕಾಲಮಿತಿ ಇದೆ. ಅಡಮಾನ ಬಿಡಿಸಿಕೊಳ್ಳುವ ದಾವೆಗೂ ಸರ್ಕಾರ ಹೂಡುವ ದಾವೆಗೂ 1963ರ ಕಾಲಮಿತಿ ಅಧಿನಿಯಮವು 30 ವರ್ಷ ಕೊಡುವುದರಿಂದ 30 ವರ್ಷಗಳ ಹುಡುಕಾಟವೇ ಹೆಚ್ಚು ಸುರಕ್ಷಿತ. ಬ್ಯಾಂಕಿನ ಸೂಚನೆ 13 ವರ್ಷ ಎಂದಿದ್ದರೂ, ಜಮೀನಿನ ಮೂಲ ಮಂಜೂರಾತಿಯೋ ವಿಭಾಗವೋ ಅದಕ್ಕಿಂತ ಹಿಂದಿದ್ದರೆ ಅಲ್ಲಿಯವರೆಗೆ ಹೋಗಲೇಬೇಕು. ದೋಷ ಅಡಗಿರುವುದು ಹೆಚ್ಚಾಗಿ ಆ ಮೂಲದಲ್ಲೇ.

ಋಣಭಾರ ಪ್ರಮಾಣಪತ್ರದ ಬಗ್ಗೆ, ಅಂದರೆ ನಾವು ದಿನನಿತ್ಯ ಇಸಿ ಎನ್ನುವುದರ ಬಗ್ಗೆ, ಅತಿಯಾದ ಭರವಸೆ ಬೇಡ. ಉಪನೋಂದಣಾಧಿಕಾರಿಯವರ ಕಚೇರಿಯಲ್ಲಿ ಸ್ಥಿರಾಸ್ತಿಗೆ ಸಂಬಂಧಿಸಿ ನೋಂದಣಿಯಾದ ಪತ್ರಗಳನ್ನಷ್ಟೇ ಅದು ತೋರಿಸುತ್ತದೆ. ಮರಣಶಾಸನಗಳು ಬೇರೆ ಪುಸ್ತಕದಲ್ಲಿ ದಾಖಲಾಗುತ್ತವೆ. ಬಾಯಿಮಾತಿನ ವಿಭಾಗ, ನೋಂದಣಿಯಾಗದ ಕರಾರು, ಹಕ್ಕುಪತ್ರಗಳನ್ನು ಒಪ್ಪಿಸಿ ಮಾಡಿದ ನೋಂದಣಿಯಿಲ್ಲದ ಅಡಮಾನ, ನ್ಯಾಯಾಲಯದಲ್ಲಿ ಬಾಕಿ ಇರುವ ದಾವೆ ಇವು ಯಾವುವೂ ಅದರಲ್ಲಿ ಬರಲೇಬೇಕೆಂದಿಲ್ಲ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರ ಏಪ್ರಿಲ್ 1ರಿಂದ ಈಚಿನ ವಿವರ ಸುಲಭವಾಗಿ ಸಿಗುತ್ತದೆ. ಅದಕ್ಕಿಂತ ಹಿಂದಿನದಕ್ಕೆ ಕಚೇರಿಯ ಸೂಚಿ ಪುಸ್ತಕಗಳನ್ನು ನೋಡಬೇಕಾಗುತ್ತದೆ, ಮತ್ತು ಆ ಅವಧಿಯಲ್ಲಿ ಕಚೇರಿಯ ವ್ಯಾಪ್ತಿ ಬದಲಾಗಿದ್ದರೆ ಹಳೆಯ ಕಚೇರಿಗೂ ಹೋಗಬೇಕಾಗುತ್ತದೆ. ಹುಡುಕಾಟಕ್ಕೆ ಕೊಡುವ ಸರ್ವೆ ನಂಬರು, ನಿವೇಶನದ ಸಂಖ್ಯೆ, ಚಕ್ಕುಬಂದಿ ಇವುಗಳಲ್ಲಿ ಒಂದು ಅಕ್ಷರ ಬದಲಾದರೂ 'ಋಣಭಾರ ಇಲ್ಲ' ಎಂಬ ಉತ್ತರ ಬಂದುಬಿಡಬಹುದು. ಆದ್ದರಿಂದ ಹಳೆಯ ಸರ್ವೆ ನಂಬರು, ಪೋಡಿಯ (ಸರ್ವೆ ನಂಬರಿನ ವಿಭಜನೆಯ) ನಂತರದ ಹೊಸ ನಂಬರು, ಗ್ರಾಮ ಪಂಚಾಯಿತಿಯ ಖಾನೇಷುಮಾರಿ (ಮನೆಗಳ ಪಟ್ಟಿಯ) ನಂಬರು, ಪಾಲಿಕೆಯ ಖಾತಾ ನಂಬರು ಎಲ್ಲದರ ಮೇಲೂ ಬೇರೆ ಬೇರೆಯಾಗಿ ಹುಡುಕಿ, ಯಾವ ಯಾವ ವಿವರದ ಮೇಲೆ ಹುಡುಕಲಾಯಿತೆಂದು ವರದಿಯಲ್ಲೇ ಬರೆಯಬೇಕು.

ಇಸಿಯ ಇನ್ನೊಂದು ಮಿತಿಯನ್ನು ಅನುಭವಿಗಳೂ ಮರೆಯುವುದುಂಟು. 1908ರ ನೋಂದಣಿ ಅಧಿನಿಯಮದ ಪ್ರಕಾರ ಬರೆದು ಸಹಿ ಹಾಕಿದ ಪತ್ರವನ್ನು ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬಹುದು, ಮತ್ತು ನೋಂದಣಿಯಾದ ಮೇಲೆ ಅದು ನೋಂದಣಿಯ ದಿನದಿಂದಲ್ಲ, ಬರೆದುಕೊಟ್ಟ ದಿನದಿಂದಲೇ ಜಾರಿಗೆ ಬರುತ್ತದೆ. ಹಾಗಾಗಿ ನಿನ್ನೆಯವರೆಗಿನ ಇಸಿ ಶುದ್ಧವಾಗಿದ್ದರೂ ಕಳೆದ ತಿಂಗಳು ಬರೆದ ಕ್ರಯಪತ್ರವೊಂದು ನಾಳೆ ನೋಂದಣಿಗೆ ಬರಬಹುದು. ಮಾರಾಟಗಾರರ ಬಳಿ ಮೂಲ ಪತ್ರಗಳೆಲ್ಲ ಇವೆಯೇ, ಆಸ್ತಿಯ ಸ್ವಾಧೀನ ಯಾರ ಬಳಿ ಇದೆ ಎಂಬ ಪ್ರಶ್ನೆಗಳ ಮಹತ್ವ ಇಲ್ಲಿದೆ. ಸಾಲ ಬಿಡುಗಡೆಗೆ ಮುನ್ನ ಒಮ್ಮೆ, ಕ್ರಯಪತ್ರ ನೋಂದಣಿಯಾದ ಮೇಲೆ ಇನ್ನೊಮ್ಮೆ ಇಸಿ ತರಿಸಬೇಕೆಂದು ವರದಿಯಲ್ಲಿ ಷರತ್ತು ಹಾಕಿ.

ಜಮೀನಿನ ಮೂಲ ಸರ್ಕಾರಿ ಮಂಜೂರಾತಿಯಾಗಿದ್ದರೆ ಅಲ್ಲಿ ನಿಂತು ನೋಡಬೇಕು. ಸಾಗುವಳಿ ಚೀಟಿಯಲ್ಲಿ, ಅಂದರೆ ಮಂಜೂರಾತಿ ಪತ್ರದಲ್ಲಿ, ಬರೆದ ಪರಭಾರೆ (ಹಸ್ತಾಂತರ) ನಿಷೇಧದ ಅವಧಿ ಮುಗಿದಿತ್ತೇ ಎಂಬುದು ಮೊದಲ ಪ್ರಶ್ನೆ. ಮಂಜೂರಾತಿ ಪಡೆದವರು ಪರಿಶಿಷ್ಟ ಜಾತಿ ಅಥವಾ ಪರಿಶಿಷ್ಟ ಪಂಗಡದವರಾಗಿದ್ದರೆ, ನಾವೆಲ್ಲ ಪಿಟಿಸಿಎಲ್ ಎಂದು ಕರೆಯುವ 1978ರ ಕರ್ನಾಟಕ ಅಧಿನಿಯಮ ಅನ್ವಯಿಸುತ್ತದೆ. ಮಂಜೂರಾತಿಯ ಷರತ್ತು ಮೀರಿದ ಪರಭಾರೆಯೂ, ಅಧಿನಿಯಮ ಬಂದ ನಂತರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾಡಿದ ಪರಭಾರೆಯೂ ಅಸಿಂಧು. ಬಹಳ ತಡವಾಗಿ ಬಂದ ಅರ್ಜಿಗಳನ್ನು ಪುರಸ್ಕರಿಸಲಾಗದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ನಂತರ, ಕಾಲಮಿತಿ ಅನ್ವಯಿಸದಂತೆ 2023ರಲ್ಲಿ ರಾಜ್ಯವು ತಿದ್ದುಪಡಿ ತಂದಿತು. ಆದ್ದರಿಂದ 'ಮಾರಾಟವಾಗಿ ಮೂವತ್ತು ವರ್ಷ ಆಯಿತು, ಇನ್ನು ತೊಂದರೆ ಇಲ್ಲ' ಎಂಬ ಹಳೆಯ ವಾಕ್ಯವನ್ನು ವರದಿಗಳಿಂದ ತೆಗೆದುಹಾಕಬೇಕು. ಭೂನ್ಯಾಯ ಮಂಡಳಿಯಿಂದ ಗೇಣಿದಾರರಿಗೆ ಬಂದ ಜಮೀನಿಗೆ ಭೂಸುಧಾರಣಾ ಅಧಿನಿಯಮದ 61ನೇ ಕಲಮಿನ 15 ವರ್ಷಗಳ ನಿರ್ಬಂಧವನ್ನು ನೋಡಿ. ತೋಟಿ, ತಳವಾರಿಕೆ, ಶಾನುಭೋಗಿಕೆಯಂಥ ಗ್ರಾಮಸೇವೆಗೆ ಕೊಟ್ಟ ಇನಾಂ ಮೂಲದ ಜಮೀನಿಗೆ ಪುನರ್ ಮಂಜೂರಾತಿ ಆದೇಶವನ್ನು ಕೇಳಿ. ಕೃಷಿಯೇತರ ಆದಾಯ ಹೆಚ್ಚಿರುವವರು ಮತ್ತು ಕೃಷಿಕರಲ್ಲದವರು ಕೃಷಿ ಜಮೀನು ಹೊಂದುವುದನ್ನು ನಿರ್ಬಂಧಿಸುತ್ತಿದ್ದ, ಅದೇ ಭೂಸುಧಾರಣಾ ಅಧಿನಿಯಮದ 79ಎ ಮತ್ತು 79ಬಿ ಕಲಮುಗಳು 2020ರ ತಿದ್ದುಪಡಿಯಲ್ಲಿ ರದ್ದಾದವು. ಇಂದಿಗೂ ಅವುಗಳ ಬಗ್ಗೆ ಷರತ್ತು ಹಾಕುವ ವರದಿ ಹಳೆಯ ನಮೂನೆಯ ನಕಲೆಂದು ಯಾರಿಗಾದರೂ ತಿಳಿಯುತ್ತದೆ.

ಪಹಣಿ, ಮ್ಯುಟೇಷನ್, ಖಾತೆ ಇವು ಹಕ್ಕಿನ ಮೂಲವಲ್ಲ. 1964ರ ಭೂಕಂದಾಯ ಅಧಿನಿಯಮದ 133ನೇ ಕಲಮು ಪಹಣಿಯ ನಮೂದು ಸತ್ಯವೆಂಬ ಪೂರ್ವಭಾವನೆಯನ್ನಷ್ಟೇ ಕೊಡುತ್ತದೆ, ಮತ್ತು ಆ ಭಾವನೆಯನ್ನು ಸಾಕ್ಷ್ಯದಿಂದ ಅಲುಗಿಸಬಹುದು. ಖಾತೆ ಇದ್ದ ಮಾತ್ರಕ್ಕೆ ಹಕ್ಕು ಶುದ್ಧವೆಂದು ಬರೆಯುವುದು ಎಷ್ಟು ತಪ್ಪೋ, ಖಾತೆಯನ್ನು ನೋಡದೆ ಬರೆಯುವುದೂ ಅಷ್ಟೇ ತಪ್ಪು. ಕೃಷಿ ಜಮೀನಿನ ಮೇಲಿನ ಭದ್ರತಾ ಹಿತಾಸಕ್ತಿಗೆ, ನ್ಯಾಯಾಲಯಕ್ಕೆ ಹೋಗದೆಯೇ ಅಡವಿಟ್ಟ ಆಸ್ತಿಯಿಂದ ಸಾಲ ವಸೂಲು ಮಾಡಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಅಧಿನಿಯಮ ಅನ್ವಯಿಸುವುದಿಲ್ಲವೆಂದು ಅದರ 31ನೇ ಕಲಮು ಹೇಳುವುದರಿಂದ, ಭೂ ಪರಿವರ್ತನೆಯ ಆದೇಶ ಗೃಹಸಾಲದಲ್ಲಿ ಕೇವಲ ಔಪಚಾರಿಕ ಕಾಗದವಲ್ಲ. ಅದಿಲ್ಲದಿದ್ದರೆ ಬ್ಯಾಂಕಿನ ವಸೂಲಾತಿಯ ಮುಖ್ಯ ದಾರಿಯೇ ಮುಚ್ಚಬಹುದು. ಪರಿವರ್ತನೆಯಾದ ವಿಸ್ತೀರ್ಣ, ಉದ್ದೇಶ, ಲೇಔಟ್ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ, ಉದ್ಯಾನ ಮತ್ತು ರಸ್ತೆಗೆ ಬಿಟ್ಟುಕೊಟ್ಟ ಜಾಗ, ಇವುಗಳನ್ನು ಒಂದರ ಪಕ್ಕ ಒಂದಿಟ್ಟು ತಾಳೆ ನೋಡಿ. ಪಂಚಾಯಿತಿ ವ್ಯಾಪ್ತಿಯ ನಿವೇಶನಕ್ಕೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಗಣಕೀಕೃತ ದಾಖಲೆಯ) ನಮೂನೆ 9 ಮತ್ತು 11ಎ ಇದೆಯೇ ಅಥವಾ 11ಬಿ ಮಾತ್ರ ಇದೆಯೇ ಎಂಬುದನ್ನು ನೇರವಾಗಿ ಬರೆಯಿರಿ. ಮೊದಲಿನದು ಅಧಿಕೃತ ಆಸ್ತಿಗೆ, 11ಬಿ ಅನುಮೋದನೆಯಿಲ್ಲದ್ದಕ್ಕೆ; ಈ ಎರಡರ ವ್ಯತ್ಯಾಸ ಬ್ಯಾಂಕಿಗೆ ಬಹಳ ಮುಖ್ಯ.

ಕುಟುಂಬದ ಆಸ್ತಿಗಳಲ್ಲಿ ವಂಶವೃಕ್ಷವನ್ನು ನೋಡಿಯೇ ಮುಂದುವರಿಯಬೇಕು, ಮತ್ತು ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಸಹದಾಯಾದಿ ಹಕ್ಕು, ಅಂದರೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಗಂಡುಮಕ್ಕಳಂತೆಯೇ ಪಾಲು, ಬಂದದ್ದು ಹಿಂದೂ ಉತ್ತರಾಧಿಕಾರ ಅಧಿನಿಯಮಕ್ಕೆ ರಾಜ್ಯವು ತಂದ ತಿದ್ದುಪಡಿಯಿಂದ, 1994ರ ಜುಲೈ 30ರಂದು. ಅದು ಅಂದಿಗೆ ಮದುವೆಯಾಗದ ಹೆಣ್ಣುಮಕ್ಕಳಿಗೆ ಸೀಮಿತವಾಗಿತ್ತು. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂತು. ಈ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, ತಂದೆ ಆ ದಿನ ಬದುಕಿರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಮಾನಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಆಗಿಹೋದ ಪರಭಾರೆ ಮತ್ತು ವಿಭಾಗಗಳಿಗೆ ರಕ್ಷಣೆ ಇದೆ. ಆದ್ದರಿಂದ ವಿಭಾಗಪತ್ರದ ದಿನಾಂಕವನ್ನು ಬರೆಯುವಾಗ ಈ ದಿನಾಂಕಗಳ ಪಕ್ಕದಲ್ಲಿಟ್ಟು ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ಅಪ್ರಾಪ್ತ ವಯಸ್ಕರ ಪ್ರತ್ಯೇಕ ಆಸ್ತಿಯನ್ನು ಸಹಜ ಪೋಷಕರು ನ್ಯಾಯಾಲಯದ ಅನುಮತಿ ಇಲ್ಲದೆ ಮಾರಿದ್ದರೆ, ಆ ಮಗು ವಯಸ್ಕನಾದ ಮೇಲೆ ಮೂರು ವರ್ಷದೊಳಗೆ ಅದನ್ನು ಪ್ರಶ್ನಿಸಬಹುದು. ಜಿಪಿಎ, ಅಂದರೆ ಸಾಮಾನ್ಯ ಅಧಿಕಾರ ಪತ್ರದ, ಮೂಲಕ ಆದ ಮಾರಾಟಗಳಲ್ಲಿ ಅಧಿಕಾರ ಕೊಟ್ಟವರು ಕ್ರಯಪತ್ರದ ದಿನ ಬದುಕಿದ್ದರೇ ಎಂಬ ಪ್ರಶ್ನೆ ತಪ್ಪಬಾರದು. ಜಿಪಿಎ, ಕರಾರು ಮತ್ತು ಮರಣಶಾಸನ ಸೇರಿಸಿಕೊಂಡು ಮಾಡುವ ವ್ಯವಹಾರದಿಂದ ಹಕ್ಕು ವರ್ಗಾವಣೆಯಾಗದೆಂದು 2011ರ ಸೂರಜ್ ಲ್ಯಾಂಪ್ ತೀರ್ಪು ಸ್ಪಷ್ಟಪಡಿಸಿದೆ.

ಅಪಾರ್ಟ್‌ಮೆಂಟ್‌ಗಳಲ್ಲಿ ಜಮೀನಿನ ಮಾಲೀಕರ ಹಕ್ಕು, ಜಂಟಿ ಅಭಿವೃದ್ಧಿ ಕರಾರು, ಪಾಲು ಹಂಚಿಕೆಯ ಪತ್ರ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ) ನೋಂದಣಿ, ನಕ್ಷೆ ಮಂಜೂರಾತಿ, ಸ್ವಾಧೀನಾನುಭವ ಪತ್ರ ಇವು ಸಾಮಾನ್ಯವಾಗಿ ಎಲ್ಲರೂ ನೋಡುವ ದಾಖಲೆಗಳು. ತಪ್ಪುವುದು ಬಿಲ್ಡರ್ ಪಡೆದ ಯೋಜನಾ ಸಾಲದಲ್ಲಿ. ಬಿಲ್ಡರ್ ಕಂಪನಿಯಾಗಿದ್ದರೆ ಕಂಪನಿಗಳ ರಿಜಿಸ್ಟ್ರಾರ್ ಬಳಿ ನೋಂದಣಿಯಾದ ಋಣಭಾರಗಳನ್ನೂ, ಯಾರೇ ಆದರೂ ಅಡಮಾನಗಳ ಕೇಂದ್ರೀಯ ನೋಂದಣಿ ವ್ಯವಸ್ಥೆಯಾದ ಸೆರ್ಸಾಯ್ ದಾಖಲೆಯನ್ನೂ ನೋಡಿ, ಆ ಸಾಲಕೊಟ್ಟ ಸಂಸ್ಥೆಯಿಂದ ಫ್ಲಾಟ್ ಸಂಖ್ಯೆಯನ್ನು ಹೆಸರಿಸಿದ ನಿರಾಕ್ಷೇಪಣಾ ಪತ್ರವನ್ನು ಕೇಳಬೇಕು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ನಿವೇಶನಗಳಲ್ಲಿ ಗುತ್ತಿಗೆ ಸಹಿತ ಮಾರಾಟ ಕರಾರಿನ 10 ವರ್ಷಗಳ ಅವಧಿ ಮುಗಿದು ಶುದ್ಧ ಕ್ರಯಪತ್ರ ಆಗಿದೆಯೇ ನೋಡಿ.

ಕೊನೆಯದಾಗಿ ದಾವೆಗಳು. ಆಸ್ತಿ ವರ್ಗಾವಣೆ ಅಧಿನಿಯಮದ 52ನೇ ಕಲಮಿನಂತೆ, ದಾವೆ ಬಾಕಿ ಇರುವಾಗ ಆಸ್ತಿ ಕೊಂಡವರು ಅದರ ಅರಿವಿಲ್ಲದಿದ್ದರೂ ತೀರ್ಪಿಗೆ ಬದ್ಧರು. ಇ-ಕೋರ್ಟ್ಸ್ ಜಾಲತಾಣದಲ್ಲಿ ಮಾರಾಟಗಾರರ ಮತ್ತು ಅವರ ಹಿಂದಿನ ಮಾಲೀಕರ ಹೆಸರಿನಲ್ಲಿ, ಕಂದಾಯ ನ್ಯಾಯಾಲಯಗಳ ಪ್ರಕರಣಗಳ ಜಾಲತಾಣದಲ್ಲಿ ಸರ್ವೆ ನಂಬರಿನ ಮೇಲೆ ಹುಡುಕಿ, ಯಾವ ನ್ಯಾಯಾಲಯ, ಯಾವ ಹೆಸರು, ಯಾವ ದಿನ ಎಂಬುದನ್ನು ಬರೆದು, ಪರದೆಯ ಪ್ರತಿಯನ್ನು ಕಡತಕ್ಕೆ ಸೇರಿಸಿ. ಹೆಸರಿನ ಕಾಗುಣಿತ ಬದಲಾದರೆ ಫಲಿತಾಂಶವೂ ಬದಲಾಗುವುದರಿಂದ ಈ ಹುಡುಕಾಟಕ್ಕೂ ಮಿತಿ ಇದೆಯೆಂದು ವರದಿಯಲ್ಲಿ ಹೇಳುವುದು ಪ್ರಾಮಾಣಿಕತೆ.

ಹಂತ 4: ಅಭಿಪ್ರಾಯವನ್ನು ಬರೆಯುವುದು

ವರದಿಯ ಕೊನೆಯ ಪುಟವನ್ನು ಮಾತ್ರ ಓದುವ ಅಧಿಕಾರಿಗಳು ಇದ್ದೇ ಇರುತ್ತಾರೆ. ಆದ್ದರಿಂದ ಒಳಗಿನ ಪುಟಗಳಲ್ಲಿ ಕಂಡ ದೋಷವನ್ನು ಅಲ್ಲೇ ಹುದುಗಿಸಿ, ಕೊನೆಯಲ್ಲಿ 'ಹಕ್ಕು ಸ್ಪಷ್ಟವಾಗಿದೆ, ಮಾರಾಟಯೋಗ್ಯವಾಗಿದೆ' ಎಂದು ಬರೆಯಬಾರದು. ನಿಮ್ಮ ತೀರ್ಮಾನ ಮೂರರಲ್ಲಿ ಒಂದಾಗಿರಲಿ: ಒಪ್ಪಬಹುದು, ಇಂಥ ದಾಖಲೆಗಳು ಬಂದ ಮೇಲೆ ಒಪ್ಪಬಹುದು, ಒಪ್ಪಲಾಗದು. ಎರಡನೆಯದಾದರೆ ಪ್ರತಿ ಷರತ್ತಿನ ಮುಂದೆ ಅದು ಮಂಜೂರಾತಿಗೆ ಮುನ್ನ ಪೂರೈಸಬೇಕಾದದ್ದೋ, ಹಣ ಬಿಡುಗಡೆಗೆ ಮುನ್ನವೋ, ನಂತರವೋ ಎಂದು ಬರೆಯಿರಿ. 'ಅಗತ್ಯ ದಾಖಲೆಗಳಿಗೆ ಒಳಪಟ್ಟು' ಎಂಬಂಥ ಮಾತು ಬ್ಯಾಂಕಿಗೂ ಉಪಯೋಗವಿಲ್ಲ, ನಿಮ್ಮನ್ನೂ ಕಾಯುವುದಿಲ್ಲ. ಇಡೀ ಪುಟ ತುಂಬುವಷ್ಟು ಅನಗತ್ಯ ಷರತ್ತುಗಳನ್ನು ಹಾಕುವುದೂ ಜಾಣತನವಲ್ಲ. ಮುಖ್ಯವಾದ ಒಂದು ಷರತ್ತು ಆ ರಾಶಿಯಲ್ಲಿ ಕಾಣದೆ ಹೋಗುತ್ತದೆ.

ಮೊದಲ ವರದಿ ಕೊಟ್ಟ ಮೇಲೆ ದಾಖಲೆ ಬಂದು ನಿಲುವು ಬದಲಾದರೆ, ಹಳೆಯ ವರದಿಯನ್ನು ತಿದ್ದದೆ ಪೂರಕ ವರದಿ ಕೊಡಿ. ಅಭಿಪ್ರಾಯ ಬದಲಿಸುವಂತೆ ಫೋನಿನಲ್ಲಿ ಒತ್ತಡ ಬಂದರೆ, ಆ ಕೋರಿಕೆಯನ್ನು ಇ-ಮೇಲ್‌ನಲ್ಲಿ ಕಳುಹಿಸುವಂತೆ ವಿನಯದಿಂದ ಕೇಳಿ. ಬರವಣಿಗೆಯಲ್ಲಿ ಕೇಳಲಾಗದ್ದನ್ನು ಮಾಡಬೇಕಾಗಿಯೂ ಇಲ್ಲ.

ಹಂತ 5: ಮೂಲ ದಾಖಲೆಗಳನ್ನು ಕಣ್ಣಾರೆ ನೋಡುವುದು

ನೆರಳಚ್ಚು ಪ್ರತಿಗಳ ಮೇಲೆ ವರದಿ ಕೊಡಬೇಕಾದ ಸಂದರ್ಭ ಬಂದರೆ, ಅದು ನೆರಳಚ್ಚಿನ ಮೇಲೆ ಕೊಟ್ಟದ್ದೆಂದು ಮೊದಲ ಪುಟದಲ್ಲೇ ಬರೆಯಬೇಕು. ಒಂದೇ ಆಸ್ತಿಯ ಮೇಲೆ ಬಣ್ಣದ ಪ್ರತಿಗಳನ್ನು ಮೂಲವೆಂದು ತೋರಿಸಿ ಹಲವು ಬ್ಯಾಂಕುಗಳಲ್ಲಿ ಸಾಲ ಪಡೆಯುವ ವಂಚನೆಯನ್ನು ತಡೆಯಲು ಇರುವ ಅತ್ಯಂತ ಬಲವಾದ ಉಪಾಯ, ಉಪನೋಂದಣಾಧಿಕಾರಿಯವರ ಕಚೇರಿಯಿಂದ ನೀವೇ ಅರ್ಜಿ ಹಾಕಿ ಪಡೆದ ದೃಢೀಕೃತ ನಕಲನ್ನು ಮೂಲದ ಪಕ್ಕದಲ್ಲಿಟ್ಟು ಪುಟಪುಟವೂ ತಾಳೆ ನೋಡುವುದು. ನೋಂದಣಿ ಸಂಖ್ಯೆ, ಸಂಪುಟ ಅಥವಾ ಸಿಡಿ ಸಂಖ್ಯೆ, ಮುದ್ರಾಂಕದ ಮೊತ್ತ, ಸಹಿಗಳು, ಭಾವಚಿತ್ರ ಎಲ್ಲವೂ ಹೊಂದಬೇಕು. ಪಕ್ಷಗಾರರೇ ತಂದುಕೊಟ್ಟ ದೃಢೀಕೃತ ನಕಲು ಈ ಪರೀಕ್ಷೆಗೆ ಸಾಲದು. ಮೂಲ ಕಳೆದುಹೋಗಿದೆ ಎಂದು ಹೇಳಿದರೆ ಪೊಲೀಸ್ ದೂರಿನ ಪ್ರತಿ ಮತ್ತು ಪತ್ರಿಕಾ ಪ್ರಕಟಣೆಯನ್ನು ಕೇಳುವುದಷ್ಟೇ ಅಲ್ಲ, ಅದು ಬೇರೆ ಸಾಲಕ್ಕಾಗಿ ಎಲ್ಲೋ ಒಪ್ಪಿಸಲ್ಪಟ್ಟಿರಬಹುದೆಂಬ ಸಾಧ್ಯತೆಯನ್ನು ಬ್ಯಾಂಕಿಗೆ ನೇರವಾಗಿ ತಿಳಿಸಬೇಕು.

ಹಂತ 6: ಅಡಮಾನ ಮತ್ತು ಆ ನಂತರದ ಕೆಲಸ

ಹಕ್ಕುಪತ್ರಗಳನ್ನು ಒಪ್ಪಿಸಿ ಮಾಡುವ ಅಡಮಾನವು ಆಸ್ತಿ ವರ್ಗಾವಣೆ ಅಧಿನಿಯಮದ 58ನೇ ಕಲಮಿನ ಎಫ್ ಖಂಡದಲ್ಲಿದೆ. ಒಪ್ಪಿಸುವ ಸ್ಥಳ ಸರ್ಕಾರ ಅಧಿಸೂಚಿಸಿದ ಪಟ್ಟಣವಾಗಿರಬೇಕು, ಆಸ್ತಿ ಎಲ್ಲಿಯಾದರೂ ಇರಬಹುದು. ಒಪ್ಪಿಸಿದ ಜ್ಞಾಪನ ಪತ್ರದ ಪದಗಳು, ಮುದ್ರಾಂಕ ಮತ್ತು ನೋಂದಣಿಯನ್ನು ಬ್ಯಾಂಕಿನ ನಮೂನೆಗೆ ತಕ್ಕಂತೆ ನೋಡಿಕೊಡುವುದು ಹಲವು ಪ್ಯಾನಲ್‌ಗಳಲ್ಲಿ ವಕೀಲರ ಕೆಲಸ. ಸೆರ್ಸಾಯ್ ನೋಂದಣಿ ಬ್ಯಾಂಕಿನ ಜವಾಬ್ದಾರಿಯಾದರೂ, ಅದಿಲ್ಲದೆ ಸರ್ಫೇಸಿ ಕ್ರಮ ಜರುಗಿಸುವಂತಿಲ್ಲವೆಂಬ ನಿಯಮ 2020ರ ಜನವರಿ 24ರಿಂದ ಜಾರಿಯಲ್ಲಿರುವುದರಿಂದ, ವರದಿಯಲ್ಲಿ ನೆನಪಿಸುವುದು ಉಚಿತ.

ಒಪ್ಪಿಸಬೇಕಾದ ದಾಖಲೆಗಳ ಪಟ್ಟಿಯನ್ನು ಅಚ್ಚುಕಟ್ಟಾಗಿ ಮಾಡಿ: ಮೂಲವೋ ನಕಲೋ, ದಿನಾಂಕ, ನೋಂದಣಿ ಸಂಖ್ಯೆ, ಪುಟಗಳು. ಸಾಲ ತೀರಿದ 30 ದಿನಗಳೊಳಗೆ ದಾಖಲೆಗಳನ್ನು ಹಿಂದಿರುಗಿಸದಿದ್ದರೆ, ವಿಳಂಬಕ್ಕೆ ತಾನೇ ಕಾರಣವಾದ ಬ್ಯಾಂಕು ದಿನಕ್ಕೆ ₹5,000 ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರ್‌ನಲ್ಲಿ ಆದೇಶಿಸಿತು, ಮತ್ತು ಅದು ಅದೇ ವರ್ಷದ ಡಿಸೆಂಬರ್ 1ರಿಂದ ಅನ್ವಯಿಸುತ್ತಿದೆ. ಆ ದಿನ ಯಾವ ದಾಖಲೆ ಬ್ಯಾಂಕಿನಲ್ಲಿತ್ತು ಎಂಬ ವಾದ ಎದ್ದಾಗ ನಿಮ್ಮ ಪಟ್ಟಿಯನ್ನೇ ತೆರೆಯುತ್ತಾರೆ.

ಹಂತ 7: ಕಚೇರಿಯನ್ನು ಸಿದ್ಧವಾಗಿಡುವುದು

ಪ್ರತಿ ಆಸ್ತಿಗೂ ಒಂದು ಕಡತ, ಅದರಲ್ಲಿ ಸೂಚನಾ ಪತ್ರ, ನೋಡಿದ ದಾಖಲೆಗಳ ಪ್ರತಿ, ಹುಡುಕಾಟದ ಶುಲ್ಕ ರಸೀದಿ, ನಿಮ್ಮ ಕೈಬರಹದ ಟಿಪ್ಪಣಿ, ಬ್ಯಾಂಕಿನೊಡನೆ ನಡೆದ ಪತ್ರವ್ಯವಹಾರ ಇರಲಿ. ರಸೀದಿ ಬಹಳ ಮುಖ್ಯ: ಹುಡುಕಾಟ ನಡೆಸಿದ್ದಕ್ಕೆ ನಿಮ್ಮ ಮಾತಿನ ಹೊರತಾದ ಸಾಕ್ಷಿ ಅದೊಂದೇ. ಸಾಲ ಮುಗಿಯುವವರೆಗೂ ಕಡತವನ್ನು ಕಾಗದದಲ್ಲೋ ಸ್ಕ್ಯಾನ್ ಮಾಡಿಯೋ ಉಳಿಸಿಕೊಳ್ಳಿ. ಸಾಲಗಾರರ ಆಧಾರ್, ಪ್ಯಾನ್ ಪ್ರತಿಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡಬಾರದು. ಕಿರಿಯರು ಕರಡು ಸಿದ್ಧಪಡಿಸಬಹುದು, ಉಪನೋಂದಣಾಧಿಕಾರಿಯವರ ಕಚೇರಿಗೂ ಹೋಗಿಬರಬಹುದು, ಆದರೆ ಮೂಲಗಳನ್ನು ನೋಡಿ ಸಹಿ ಹಾಕುವುದು ಪ್ಯಾನಲ್‌ನಲ್ಲಿ ಹೆಸರಿರುವ ವಕೀಲರೇ ಆಗಿರಬೇಕು. ವೃತ್ತಿ ಹೊಣೆ ವಿಮೆ ನಮ್ಮಲ್ಲಿ ಕಾನೂನಿನಿಂದ ಕಡ್ಡಾಯವಲ್ಲ, ಆದರೂ ಗೃಹಸಾಲದ ವರದಿಗಳನ್ನು ನಿತ್ಯವೂ ಕೊಡುವವರು ಮಾಡಿಸಿಕೊಳ್ಳುವುದು ಒಳ್ಳೆಯದೆಂದು ನಾನು ಭಾವಿಸುತ್ತೇನೆ.

ಸಮಯ ಪಾಲನೆಯ ಬಗ್ಗೆ ಬಹಳ ಹೇಳಬೇಕಾಗಿಲ್ಲ. ತಡವಾಗುವುದಾದರೆ ಗಡುವು ಮುಗಿಯುವ ಮೊದಲೇ, ಯಾವ ದಾಖಲೆಗಾಗಿ ಕಾಯುತ್ತಿದ್ದೀರೆಂದು ಹೆಸರಿಸಿ ತಿಳಿಸಿ.

ಹಂತ 8: ವಾರ್ಷಿಕ ಪರಿಶೀಲನೆ ಮತ್ತು ನವೀಕರಣ

ನವೀಕರಣದ ಹೊತ್ತಿಗೆ ಬ್ಯಾಂಕು ಕೇಳುವುದನ್ನು ವರ್ಷವಿಡೀ ಜೋಡಿಸಿಡಿ: ಕೊಟ್ಟ ವರದಿಗಳ ಸಂಖ್ಯೆ, ತೆಗೆದುಕೊಂಡ ದಿನಗಳು, ನಕಾರಾತ್ಮಕ ಅಭಿಪ್ರಾಯಗಳು, ಬಾಕಿ ಉಳಿದ ಷರತ್ತುಗಳು. ವಿಳಾಸ, ಪಾಲುದಾರಿಕೆ ಬದಲಾದರೆ ಅಥವಾ ನಿಮ್ಮ ವಿರುದ್ಧ ಯಾವುದೇ ಶಿಸ್ತು ದೂರು, ಕ್ರಿಮಿನಲ್ ಪ್ರಕರಣ ದಾಖಲಾದರೆ ಬ್ಯಾಂಕು ಬೇರೆಯವರಿಂದ ಕೇಳಿ ತಿಳಿಯುವ ಮೊದಲೇ ನೀವೇ ತಿಳಿಸಿ. ದೊಡ್ಡ ಮೊತ್ತದ ಸಾಲಗಳ ಹಕ್ಕುಪತ್ರಗಳನ್ನು ಬ್ಯಾಂಕುಗಳು ಕಾಲಕಾಲಕ್ಕೆ ಬೇರೆ ವಕೀಲರಿಂದ ಮರುಪರಿಶೀಲನೆ ಮಾಡಿಸುತ್ತವೆ. ಆ ಎರಡನೆಯ ವಕೀಲರು ಪ್ರಶ್ನೆ ಕೇಳಿದರೆ ಅದನ್ನು ಅಪನಂಬಿಕೆಯೆಂದು ತಿಳಿಯದೆ ಕಡತ ತೆರೆದು ಉತ್ತರಿಸಬೇಕು. ಕಾನೂನು ಬದಲಾದಾಗ ನಮೂನೆಯನ್ನೂ ಬದಲಿಸಿ. 2024ರ ಅಕ್ಟೋಬರ್‌ನಿಂದ ಸ್ಥಳೀಯ ಸಂಸ್ಥೆಗಳ ಆಸ್ತಿಗಳ ನೋಂದಣಿಗೆ ಇ-ಖಾತಾ ಕಡ್ಡಾಯವಾದಾಗ, ಹಳೆಯ ಖಾತಾ ಪ್ರಮಾಣಪತ್ರವನ್ನೇ ಕೇಳುತ್ತಿದ್ದ ನಮೂನೆಗಳು ಒಮ್ಮೆಲೇ ಹಳಸಿದವು.

ಹಂತ 9: ಹಳೆಯ ವರದಿಯ ಮೇಲೆ ಪ್ರಶ್ನೆ ಎದ್ದಾಗ

ಕಾರಣ ಕೇಳುವ ನೋಟಿಸು ಬಂದರೆ ಮೊದಲು ಕಡತವನ್ನು ಹಾಗೆಯೇ ಕಾಪಾಡಿ. ಅದಕ್ಕೆ ಒಂದು ಹಾಳೆಯನ್ನೂ ಸೇರಿಸಬೇಡಿ, ತೆಗೆಯಬೇಡಿ. ನಿಗದಿತ ದಿನದೊಳಗೆ ಉತ್ತರಿಸಿ, ಯಾವ ದಾಖಲೆಯನ್ನು ಯಾವಾಗ ನೋಡಿದಿರಿ, ಯಾವ ಷರತ್ತು ಹಾಕಿದ್ದಿರಿ, ಅದು ಪೂರೈಕೆಯಾಗುವ ಮೊದಲೇ ಹಣ ಬಿಡುಗಡೆಯಾಯಿತೇ ಎಂಬುದನ್ನು ದಾಖಲೆ ಸಹಿತ ತೋರಿಸಿ. ಪ್ಯಾನಲ್ ವಕೀಲರೊಬ್ಬರ ಮೇಲೆ ವಂಚನೆಯ ಒಳಸಂಚಿನ ಆರೋಪ ಹೊರಿಸಿದ್ದ ಹೈದರಾಬಾದಿನ ಗೃಹಸಾಲ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಒಂದು ಮುಖ್ಯ ಗೆರೆ ಎಳೆಯಿತು. ವರದಿ ತಪ್ಪಾದ ಮಾತ್ರಕ್ಕೆ ವಕೀಲರು ಅಪರಾಧಿಯಾಗುವುದಿಲ್ಲ, ಇತರ ಆರೋಪಿಗಳೊಡನೆ ಸೇರಿ ಬ್ಯಾಂಕನ್ನು ವಂಚಿಸಲು ಸಕ್ರಿಯವಾಗಿ ಪಾಲ್ಗೊಂಡದ್ದಕ್ಕೆ ಸಾಕ್ಷ್ಯ ಬೇಕು. ಘೋರ ನಿರ್ಲಕ್ಷ್ಯಕ್ಕೆ ವೃತ್ತಿ ದುರ್ನಡತೆಯ ಕ್ರಮ ಮಾತ್ರ ಉಳಿದೇ ಇದೆ, ಮತ್ತು ಅದು ವಕೀಲರ ಅಧಿನಿಯಮದ 35ನೇ ಕಲಮಿನಡಿ ರಾಜ್ಯ ವಕೀಲರ ಪರಿಷತ್ತಿನ ಮುಂದೆ ಬರುತ್ತದೆ. ವಕೀಲರ ಸೇವೆ ಗ್ರಾಹಕ ರಕ್ಷಣಾ ಅಧಿನಿಯಮದ ವ್ಯಾಪ್ತಿಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಲ್ಲಿ ಹೇಳಿದ್ದು ಗ್ರಾಹಕ ಆಯೋಗದ ದಾರಿಯನ್ನಷ್ಟೇ ಮುಚ್ಚಿತು, ಸಿವಿಲ್ ದಾವೆಯ ದಾರಿ ತೆರೆದೇ ಇದೆ.

ನಿಮ್ಮ ಗಮನಕ್ಕೇ ದೋಷ ಬಂದರೆ, ನೋಟಿಸಿಗೆ ಕಾಯದೆ ಅಂದೇ ಬ್ಯಾಂಕಿಗೆ ಬರೆಯಿರಿ. ಸರಿಪಡಿಸುವ ಪತ್ರ, ಬಿಟ್ಟುಹೋದ ವಾರಸುದಾರರಿಂದ ಹಕ್ಕು ಖುಲಾಸೆ ಪತ್ರ, ಹೆಚ್ಚುವರಿ ಭದ್ರತೆ ಇಂಥ ದಾರಿಗಳು ಸಾಲ ಸರಿಯಾಗಿ ನಡೆಯುತ್ತಿರುವಾಗ ತೆರೆದಿರುತ್ತವೆ, ಸಾಲಗಾರರು ಕಂತು ನಿಲ್ಲಿಸಿದ ಮೇಲೆ ಒಂದೊಂದಾಗಿ ಮುಚ್ಚುತ್ತವೆ. ಪ್ಯಾನಲ್‌ನಿಂದ ಹೊರಬರುವ ಸಂದರ್ಭ ಬಂದರೂ ನಿಮ್ಮ ಬಳಿ ಇರುವ ಬ್ಯಾಂಕಿನ ಮೂಲ ದಾಖಲೆಗಳನ್ನು ಪಟ್ಟಿ ಮಾಡಿ, ಶಾಖೆಯ ಸ್ವೀಕೃತಿ ಪಡೆದು ಹಿಂದಿರುಗಿಸಿ, ಬಾಕಿ ವರದಿಗಳ ಸ್ಥಿತಿಯನ್ನು ಲಿಖಿತವಾಗಿ ತಿಳಿಸಿ, ನಿಮ್ಮ ಪ್ರತಿಗಳನ್ನು ಮಾತ್ರ ಉಳಿಸಿಕೊಳ್ಳಿ.